ಕಾರ್ಬೆಟ್‌ಗೆ ಹೊರಟಿದ್ದೀರಾ? ಮೊದಲು ಗೇಟು, ಆಮೇಲೆ ವಿಮಾನದ ಟಿಕೆಟ್ಟು

ಕಾರ್ಬೆಟ್ ಹುಲಿ ಕಾಡಿಗೆ ಯಾವಾಗ ಹೋಗಬೇಕು? ಎಲ್ಲಿ ಉಳಿಯಬೇಕು? ಹುಲಿ ಕಾಣುತ್ತದಾ? ಈ ಮೂರು ಪ್ರಶ್ನೆ ಬರದ ತಿಂಗಳಿಲ್ಲ. ನಾಲ್ಕನೆಯದೊಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: ಯಾವ ಗೇಟಿನಿಂದ ಒಳಗೆ ಹೋಗಬೇಕು? ಉಳಿದ ಮೂರಕ್ಕೂ ಉತ್ತರ ಇರುವುದು ಇದರಲ್ಲೇ.

ನಾವು ಸಾಮಾನ್ಯವಾಗಿ ಹೇಗೆ ಹೊರಡುತ್ತೇವೆ ಹೇಳಿ. ದೆಹಲಿಗೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಳ್ಳುತ್ತೇವೆ. ಫೋಟೋ ಚೆನ್ನಾಗಿದೆ ಅಂತ ರೆಸಾರ್ಟ್ ಹಿಡಿಯುತ್ತೇವೆ. ಸಫಾರಿ ತಾನೆ, ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಅನ್ನುತ್ತೇವೆ. ಕಾರ್ಬೆಟ್ ವಿಷಯದಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ. ಇಲ್ಲಿ ಮೊದಲು ಪರ್ಮಿಟ್, ಆಮೇಲೆ ಪ್ರಯಾಣದ ಟಿಕೆಟ್, ಕೊನೆಗೆ ರೆಸಾರ್ಟ್. ಎಷ್ಟೋ ಸಲ ರೆಸಾರ್ಟ್ ಬೇಕಾಗುವುದೇ ಇಲ್ಲ.

ಜಾಗದ ಬಗ್ಗೆ ಎರಡು ಮಾತು

ಕಾರ್ಬೆಟ್ ಇರುವುದು ಉತ್ತರಾಖಂಡದಲ್ಲಿ, ಹಿಮಾಲಯ ಇಳಿದು ಬಯಲಿಗೆ ಸೇರುವ ಕಡೆ. ಹಿಮ ಕಾಣುತ್ತದೆ ಅಂದುಕೊಂಡು ಹೋಗಬೇಡಿ. ಇದು ಶಿವಾಲಿಕ್ ಬೆಟ್ಟಗಳ ಬುಡ. ಇಲ್ಲಿನವರು 'ಭಾಬರ್' ಅನ್ನುವುದು ಬೆಟ್ಟದಿಂದ ಉರುಳಿ ಬಂದ ಕಲ್ಲು, ಜಲ್ಲಿಯ ಪಟ್ಟಿಯನ್ನು. ಸಣ್ಣ ಹೊಳೆಗಳು ಇಲ್ಲಿಗೆ ಬರುತ್ತಿದ್ದಂತೆ ನೆಲದೊಳಗೆ ಇಂಗಿಬಿಡುತ್ತವೆ. ಆ ನೀರು ಮತ್ತೆ ಮೇಲೆ ಬರುವ ಜೌಗಿನ ಬಯಲು 'ತರಾಯಿ'. ಬೇಸಿಗೆಯಲ್ಲಿ ಹೊಳೆಗಳೆಲ್ಲ ಬರಿದಾದಾಗ ಪ್ರಾಣಿಗಳು ವರ್ಷವಿಡೀ ಹರಿಯುವ ರಾಮಗಂಗಾ ನದಿಯ ಕಡೆಗೆ ಬರುತ್ತವೆ. ಇದೊಂದು ನೆನಪಿಟ್ಟುಕೊಳ್ಳಿ, ಮುಂದೆ ದಿನ ಗೊತ್ತು ಮಾಡುವಾಗ ಬೇಕಾಗುತ್ತದೆ.

1936ರಲ್ಲಿ ಹೇಲಿ ನ್ಯಾಷನಲ್ ಪಾರ್ಕ್ ಅನ್ನುವ ಹೆಸರಿನಲ್ಲಿ ಶುರುವಾದ ಇದು ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಹುಲಿ ಯೋಜನೆಗೆ 1973ರ ಏಪ್ರಿಲ್ 1ರಂದು ಚಾಲನೆ ಸಿಕ್ಕಿದ್ದೂ ಇಲ್ಲೇ. ಉದ್ಯಾನ ಸುಮಾರು 520 ಚದರ ಕಿ.ಮೀ. ಸುತ್ತಲಿನ ಕಾಡೂ ಸೇರಿ ಹುಲಿ ಮೀಸಲು ಪ್ರದೇಶ 1,288 ಚದರ ಕಿ.ಮೀ. 2022ರ ಗಣತಿಯ ಅಂದಾಜಿನಲ್ಲಿ ಇಲ್ಲಿ 260 ಹುಲಿಗಳು. ನಮ್ಮ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಹಾಗಂತ ಅಲ್ಲಿ ಹೆಜ್ಜೆ ಹೆಜ್ಜೆಗೂ ಹುಲಿ ಸಿಗುತ್ತದೆ ಅಂತಲ್ಲ. ಆಳೆತ್ತರದ ಹುಲ್ಲಿನಲ್ಲಿ ಹುಲಿ ಹತ್ತಡಿ ದೂರದಲ್ಲಿ ಮಲಗಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಹಂತ 1: ಗೇಟು ಆರಿಸಿ

ಉದ್ಯಾನವನ್ನು ಪ್ರವಾಸಿಗರಿಗಾಗಿ 'ಝೋನ್'ಗಳಾಗಿ, ಅಂದರೆ ವಲಯಗಳಾಗಿ ಭಾಗ ಮಾಡಿದ್ದಾರೆ. ಒಂದೊಂದು ವಲಯಕ್ಕೂ ಅದರದೇ ಗೇಟು. ಒಂದು ವಲಯದ ಪರ್ಮಿಟ್ ಇಟ್ಟುಕೊಂಡು ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಒಂದು ಗೇಟಿನಿಂದ ಒಳಗೆ ಹೋಗಿ ಇಡೀ ಕಾಡು ಸುತ್ತಬಹುದು ಅನ್ನುವುದು ನಮ್ಮವರ ಮೊದಲ ತಪ್ಪು ತಿಳಿವಳಿಕೆ.

ಢಿಕಾಲಾ: ಕಾರ್ಬೆಟ್ ಅಂದರೆ ಇದೇ. ಪಾಟ್ಲಿ ದೂನ್ ಅನ್ನುವ ಕಣಿವೆ, ಪಕ್ಕದಲ್ಲಿ ರಾಮಗಂಗಾ, ಎದುರಿಗೆ ಕಣ್ಣು ಹಾಯುವಷ್ಟು ಹುಲ್ಲುಗಾವಲು. ಈ ಹುಲ್ಲುಗಾವಲಿಗೆ ಇಲ್ಲಿನ ಮಾತಿನಲ್ಲಿ 'ಚೌಡ್' ಅನ್ನುತ್ತಾರೆ. ಆಚೆಗೆ ಕಾಲಾಗಢದ ಅಣೆಕಟ್ಟಿನ ಹಿನ್ನೀರು. ಆನೆಗಳ ಹಿಂಡು, ನದಿಯಲ್ಲಿ ಉದ್ದ ಮೂತಿಯ ಘರಿಯಲ್, ನೀರುನಾಯಿ, ದಡದಲ್ಲಿ ಬಿಸಿಲು ಕಾಯಿಸುವ ಮೊಸಳೆ, ಎಲ್ಲ ಇಲ್ಲಿವೆ. ಗೇಟಿನ ಹೆಸರು ಧನಗಢಿ. ಅಲ್ಲಿಂದ ಢಿಕಾಲಾ ಶಿಬಿರಕ್ಕೆ ಸಾಲ್ ಮರಗಳ ನಡುವೆ ಸುಮಾರು 31 ಕಿ.ಮೀ. ದಾರಿ. ಆ ದಾರಿಯೇ ಒಂದು ಸಫಾರಿ.

ಈಗ ಮುಖ್ಯವಾದ ಎಚ್ಚರಿಕೆ. ಢಿಕಾಲಾಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಜೀಪ್ ಸಫಾರಿ ಇಲ್ಲ. ದಾರಿ ಎರಡೇ. ಒಳಗಿನ ಅರಣ್ಯ ವಿಶ್ರಾಂತಿ ಗೃಹದಲ್ಲಿ ರಾತ್ರಿ ತಂಗಬೇಕು, ಇಲ್ಲವೇ ಇಲಾಖೆಯ 'ಕ್ಯಾಂಟರ್'ನಲ್ಲಿ ಹೋಗಬೇಕು. ಕ್ಯಾಂಟರ್ ಅಂದರೆ ಮೈ ತೆರೆದಿರುವ, ಹತ್ತಾರು ಜನ ಕೂರುವ ಎತ್ತರದ ಗಾಡಿ. "ನಿಮಗೆ ಢಿಕಾಲಾ ಜೀಪ್ ಸಫಾರಿ ಮಾಡಿಸುತ್ತೇನೆ, ಅರ್ಧ ದಿನದಲ್ಲಿ ಮುಗಿಯುತ್ತದೆ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಬಿಜ್ರಾಣಿ: ರಾಮನಗರ ಪಟ್ಟಣಕ್ಕೆ ಅಂಟಿಕೊಂಡಂತಿದೆ. ಗೇಟು ಆಮ್‌ಡಂಡಾ. ಅರ್ಧ ದಿನದ ಜೀಪ್ ಸಫಾರಿಗೆ ನನ್ನ ಮೊದಲ ಆಯ್ಕೆ ಇದು. ಸಾಲ್ ಕಾಡು, ಹುಲ್ಲು, ಒಣ ಹೊಳೆಗಳು ಎಲ್ಲ ಒಂದೇ ಕಡೆ ಸಿಗುತ್ತವೆ. ಬೇಡಿಕೆಯೂ ಜಾಸ್ತಿ.

ಝಿರ್ನಾ ಮತ್ತು ಢೇಲಾ: ದಕ್ಷಿಣದ ಅಂಚಿನ ಒಣ ಕಾಡು. ವರ್ಷವಿಡೀ ತೆರೆದಿರುವುದು ಇವುಗಳ ಅನುಕೂಲ. ಝಿರ್ನಾದಲ್ಲಿ ಕರಡಿ ಕಾಣುವ ಸಾಧ್ಯತೆ ಉಳಿದ ಕಡೆಗಿಂತ ಚೆನ್ನಾಗಿದೆ.

ದುರ್ಗಾದೇವಿ: ಬೆಟ್ಟದ ಕಡೆಯ ವಲಯ. ಹಕ್ಕಿ ನೋಡುವವರಿಗೆ, ನದಿಯಲ್ಲಿ ಮಹಶೀರ್ ಮೀನು ನೋಡುವವರಿಗೆ ಇಷ್ಟವಾಗುತ್ತದೆ. ಹುಲಿ ನೋಡಲೇಬೇಕು ಅನ್ನುವವರು ಇದನ್ನು ಮೊದಲ ಸಲಕ್ಕೆ ಇಟ್ಟುಕೊಳ್ಳಬೇಡಿ.

ಸೀತಾಬನಿ, ಫಾಟೋ ಅನ್ನುವ ಹೆಸರುಗಳೂ ಕಿವಿಗೆ ಬೀಳುತ್ತವೆ. ಇವು ಅಕ್ಕಪಕ್ಕದ ಬೇರೆ ಅರಣ್ಯ ವಿಭಾಗಗಳ ಕಾಡು. ಕೆಟ್ಟದ್ದೇನಲ್ಲ, ಪ್ರಾಣಿಗಳಿಗೆ ಗಡಿ ಗೊತ್ತಿಲ್ಲ ನೋಡಿ. ಆದರೆ 'ಕಾರ್ಬೆಟ್ ಸಫಾರಿ' ಅಂತ ದುಡ್ಡು ಕಟ್ಟುವಾಗ ಯಾವ ಗೇಟು ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ನನ್ನ ಸಲಹೆ ಇಷ್ಟೇ: ಢಿಕಾಲಾದಲ್ಲಿ ಎರಡು ರಾತ್ರಿ, ಅದರ ಹಿಂದೆಯೋ ಮುಂದೆಯೋ ಬಿಜ್ರಾಣಿಯಲ್ಲಿ ಒಂದು ಸಫಾರಿ. ಒಂದೇ ರಾತ್ರಿಗೆ ಅಷ್ಟು ದೂರ ಹೋಗಬೇಡಿ. ಮೊದಲ ಸಂಜೆ ಜಾಗ ಅರ್ಥವಾಗುವುದರೊಳಗೆ ಕತ್ತಲಾಗುತ್ತದೆ, ಬೆಳಿಗ್ಗೆ ಎದ್ದರೆ ಹೊರಡುವ ಹೊತ್ತು.

ಹಂತ 2: ದಿನ ಗೊತ್ತು ಮಾಡಿ

ಢಿಕಾಲಾ ಮತ್ತು ದುರ್ಗಾದೇವಿ ತೆರೆದಿರುವುದು ನವೆಂಬರ್ 15ರಿಂದ ಜೂನ್ 15ರವರೆಗೆ. ಬಿಜ್ರಾಣಿ ಅಕ್ಟೋಬರ್ 15ರಿಂದ ಜೂನ್ 30. ಮಳೆ ಹೆಚ್ಚುಕಡಿಮೆಯಾದರೆ ದಿನಾಂಕ ಒಂದಿಷ್ಟು ಅತ್ತಿತ್ತ ಆಗುವುದುಂಟು, ಬುಕ್ ಮಾಡುವ ಮುಂಚೆ ಆ ವರ್ಷದ ಪ್ರಕಟಣೆ ನೋಡಿ.

ಹುಲಿಗಾಗಿ ಹೋಗುವವರಿಗೆ ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಒಳ್ಳೆಯದು. ಮೇಲೆ ಹೇಳಿದ ನೀರಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊಳೆ ಬತ್ತಿ, ಹುಲ್ಲು ತೆಳುವಾಗಿ, ಪ್ರಾಣಿಗಳು ನದಿಗೆ ಇಳಿಯುತ್ತವೆ. ಹಿನ್ನೀರು ಇಳಿದ ಕಡೆ ಹೊಸ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಆದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮೈಸೂರಿನ ಹವೆಗೆ ಒಗ್ಗಿದ ವಯಸ್ಸಾದವರನ್ನು ಮೇ ತಿಂಗಳಲ್ಲಿ ಕರೆದುಕೊಂಡು ಹೋಗುವ ಮುಂಚೆ ಎರಡು ಸಲ ಯೋಚಿಸಿ.

ಡಿಸೆಂಬರ್, ಜನವರಿ ಹಕ್ಕಿಗಳ ಕಾಲ. ವಲಸೆ ಹಕ್ಕಿಗಳು ಹಿನ್ನೀರಿನ ತುಂಬ ಇರುತ್ತವೆ. ಬೆಳಗಿನ ಚಳಿ ಮಾತ್ರ ನಾವು ಅಂದುಕೊಂಡ ಹಾಗಲ್ಲ. ತೆರೆದ ಜೀಪು ಓಡುವಾಗ ಬೀಸುವ ಗಾಳಿ ಮೂಳೆಗೇ ನಾಟುತ್ತದೆ. ಇನ್ನೊಂದು ತೊಂದರೆ ಮಂಜು. ದೆಹಲಿಯ ವಿಮಾನ, ಬಯಲಿನ ರೈಲು ಎರಡೂ ಗಂಟೆಗಟ್ಟಲೆ ತಡವಾಗುತ್ತವೆ. ನಮ್ಮ ಶಾಲೆಗಳ ರಜೆಗೆ ಸರಿಹೊಂದುತ್ತದೆ ಅಂತ ಕ್ರಿಸ್‌ಮಸ್ ವಾರ ಆರಿಸುವವರೇ ಜಾಸ್ತಿ. ಆ ವಾರ ಮಂಜೂ ಉಂಟು, ಜನಜಂಗುಳಿಯೂ ಉಂಟು. ಬೇಸಿಗೆ, ಚಳಿಗಾಲ ಎರಡನ್ನೂ ಸರಿದೂಗಿಸುವ ಕಾಲ ಕೇಳಿದರೆ ಮಾರ್ಚ್ ಅನ್ನುತ್ತೇನೆ.

ಹಂತ 3: ಪರ್ಮಿಟ್ ತೆಗೆದುಕೊಳ್ಳಿ

ಪರ್ಮಿಟ್ ಅಂದರೆ ಒಳಗೆ ಹೋಗಲು ಅರಣ್ಯ ಇಲಾಖೆ ಕೊಡುವ ಚೀಟಿ. ಅದರಲ್ಲಿ ದಿನ, ವಲಯ, ಬೆಳಿಗ್ಗೆಯೋ ಸಂಜೆಯೋ, ಯಾರು ಯಾರು, ಯಾರ ಗುರುತಿನ ಚೀಟಿ ಯಾವುದು, ಎಲ್ಲ ಇರುತ್ತದೆ. ಒಂದು ಜೀಪಿಗೆ ಆರು ಜನ ಅಂತ ಲೆಕ್ಕ. ದಿನಕ್ಕೆ ಇಂತಿಷ್ಟೇ ಜೀಪು. ಹಗಲಿನ ಸಫಾರಿಯ ಬುಕಿಂಗ್ ಸುಮಾರು ಒಂದೂವರೆ ತಿಂಗಳು ಮುಂಚೆ ತೆರೆಯುತ್ತದೆ. ವಾರದ ಕೊನೆಯ ದಿನಗಳು, ಹಬ್ಬದ ರಜೆಗಳು ತೆರೆದ ಸ್ವಲ್ಪ ಹೊತ್ತಿಗೇ ಖಾಲಿ. ಢಿಕಾಲಾದ ಕೋಣೆಗಳಂತೂ ತತ್ಕಾಲ್ ಟಿಕೆಟ್ ಇದ್ದ ಹಾಗೆ, ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುತ್ತವೆ. ಮಂಗಳವಾರ, ಬುಧವಾರದ ದಿನಗಳಿಗೆ ಪ್ರಯತ್ನಿಸಿದರೆ ಸಿಗುವ ಸಾಧ್ಯತೆ ಜಾಸ್ತಿ.

ಇಲ್ಲಿ ಎಡವುವ ಜಾಗಗಳು ಹಲವು.

ಒಂದು, ನಕಲಿಯಂತೆ ಕಾಣುವ ಜಾಲತಾಣಗಳು. 'ಕಾರ್ಬೆಟ್' ಅಂತ ಹುಡುಕಿದರೆ ಮೊದಲು ಬರುವ ಹಲವು ತಾಣಗಳು ಖಾಸಗಿ ಏಜೆಂಟರವು. ಹುಲಿಯ ಚಿತ್ರ, ಸರ್ಕಾರಿ ಲಾಂಛನದಂಥ ಗುರುತು, ಎಲ್ಲ ಹಾಕಿಕೊಂಡಿರುತ್ತಾರೆ. ಉತ್ತರಾಖಂಡ ಅರಣ್ಯ ಇಲಾಖೆಯ ಪುಟದ ಮೂಲಕವೇ ಬುಕಿಂಗ್ ತಾಣಕ್ಕೆ ಹೋಗಿ. ಏಜೆಂಟರಿಂದ ಮಾಡಿಸುವುದು ತಪ್ಪೇನಲ್ಲ, ಆದರೆ ಇಲಾಖೆಯ ಶುಲ್ಕ ಎಷ್ಟು, ಅವರ ಕೂಲಿ ಎಷ್ಟು ಅಂತ ಬೇರೆ ಬೇರೆ ಕೇಳಿ.

ಎರಡು, ಹೆಸರು. ಆಧಾರ್‌ನಲ್ಲಿ ಇದ್ದ ಹಾಗೇ ಬರೆಯಿರಿ. ನಮ್ಮ ಇನಿಷಿಯಲ್ ಪದ್ಧತಿ ಅಲ್ಲಿನವರಿಗೆ ಹೊಸದು. ನಾನೊಮ್ಮೆ ಪರ್ಮಿಟ್‌ನಲ್ಲಿ ಒಂದು ಬರೆದು, ಕೈಯಲ್ಲಿ ಬೇರೆ ಗುರುತಿನ ಚೀಟಿ ಹಿಡಿದು ಹೋಗಿ, ಬೆಳಗಿನ ಜಾವದ ಚಳಿಯಲ್ಲಿ ಮುಕ್ಕಾಲು ಗಂಟೆ ಗೇಟಿನ ಮುಂದೆ ನಿಂತಿದ್ದೆ. ತಪ್ಪು ನನ್ನದೇ. ಬುಕ್ ಮಾಡುವಾಗ ಕೊಟ್ಟ ಚೀಟಿಯ ಅಸಲನ್ನೇ ತೆಗೆದುಕೊಂಡು ಹೋಗಿ.

ಮೂರು, ಜನ ಬದಲಾಯಿಸುವುದು. ಭಾವ ಬರುತ್ತೇನೆ ಅಂದು ಕೊನೆಗೆ ಕೈಕೊಟ್ಟರೆ, ಆ ಜಾಗಕ್ಕೆ ಬೇರೆಯವರನ್ನು ಸೇರಿಸಬಹುದು ಅಂದುಕೊಳ್ಳಬೇಡಿ. ಬರುವುದು ಖಾತ್ರಿ ಇದ್ದವರ ಹೆಸರು ಮಾತ್ರ ಹಾಕಿ.

ನಾಲ್ಕು, ಪರ್ಮಿಟ್ ಬೇರೆ, ಜೀಪು ಬೇರೆ, ಗೈಡ್ ಬೇರೆ. ಮೂರಕ್ಕೂ ದುಡ್ಡು ಬೇರೆ ಬೇರೆ. ಇಲಾಖೆಯಲ್ಲಿ ನೋಂದಾಯಿಸಿದ ಜಿಪ್ಸಿಗಳೇ, ಅಂದರೆ ತೆರೆದ ಜೀಪುಗಳೇ ಆಗಬೇಕು, ನೋಂದಾಯಿತ ಗೈಡ್ ಇರಲೇಬೇಕು. ಬಾಡಿಗೆಗೆ ಹಿಡಿದು ತಂದ ನಿಮ್ಮ ಕಾರು ಗೇಟಿನ ಹೊರಗೇ. ಒಳಗೆ ತಂಗುವವರಿಗೆ ಅದೇ ಜಿಪ್ಸಿ, ಅದೇ ಚಾಲಕ ಕೊನೆಯವರೆಗೂ ಜೊತೆಗಿರುತ್ತಾರೆ. ಹಾಗಾಗಿ ಚಾಲಕನ ಜೊತೆ ಮುಂಚೆಯೇ ಫೋನಿನಲ್ಲಿ ಮಾತಾಡಿ. ಹುಲಿ ಹಿಂದೆ ಓಡಿಸುವವನಾ, ನಿಲ್ಲಿಸಿ ಕಾಯುವವನಾ ಅಂತ ಆ ಮಾತಿನಲ್ಲೇ ಗೊತ್ತಾಗುತ್ತದೆ. ಕಾಯುವವನನ್ನು ಹಿಡಿಯಿರಿ.

ಹಂತ 4: ಊರು ಮುಟ್ಟುವುದು

ಈಗ ಟಿಕೆಟ್. ನೀವು ತಲುಪಬೇಕಾದ ಊರು ರಾಮನಗರ. ನಮ್ಮ ರೇಷ್ಮೆಯ ರಾಮನಗರ ಅಲ್ಲ, ನೈನಿತಾಲ್ ಜಿಲ್ಲೆಯ ರಾಮನಗರ! ರೈಲಿನ ಟಿಕೆಟ್ ಮಾಡುವಾಗ ನಿಲ್ದಾಣದ ಕೋಡ್ ಆರ್‌ಎಮ್‌ಆರ್ ಇದೆಯಾ ನೋಡಿ.

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎರಡೂ ಮುಕ್ಕಾಲು ಗಂಟೆ. ದೆಹಲಿಯಿಂದ ರಾಮನಗರ ಸುಮಾರು 250 ಕಿ.ಮೀ., ಮೊರಾದಾಬಾದ್, ಕಾಶೀಪುರದ ಮೂಲಕ ಕಾರಿನಲ್ಲಿ ಐದಾರು ಗಂಟೆ. ಆನಂದ ವಿಹಾರದ ಬಸ್ ನಿಲ್ದಾಣದಿಂದ ಉತ್ತರಾಖಂಡ ಸಾರಿಗೆಯ ಬಸ್ಸುಗಳಿವೆ. ಪಂತನಗರದಲ್ಲಿ ವಿಮಾನ ನಿಲ್ದಾಣವಿದೆ, ರಾಮನಗರಕ್ಕೆ ಸುಮಾರು 80 ಕಿ.ಮೀ. ಆದರೆ ವಿಮಾನಗಳು ಕಡಿಮೆ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ರೈಲಿನಲ್ಲಿ ರಾಮನಗರಕ್ಕೆ ಸಿಗದಿದ್ದರೆ ಕಾಠ್‌ಗೋದಾಮ್‌ಗೆ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು.

ಹೊರಟ ದಿನವೇ ಸಫಾರಿ ಇಟ್ಟುಕೊಳ್ಳಬೇಡಿ. ಗೇಟಿನವರು ನಿಮ್ಮ ವಿಮಾನಕ್ಕಾಗಿ ಕಾಯುವುದಿಲ್ಲ, ಕಳೆದುಕೊಂಡ ಪರ್ಮಿಟ್ ಮರಳಿ ಸಿಗುವುದೂ ಇಲ್ಲ. ಮೊದಲ ರಾತ್ರಿ ರಾಮನಗರದಲ್ಲಿ ಮಲಗಿ, ಬೆಳಿಗ್ಗೆ ಕಾಡಿಗೆ ಹೋಗಿ.

ಹಂತ 5: ಉಳಿಯುವ ಜಾಗ

ಕಾಡಿನೊಳಗೆ ತಂಗಲು ಢಿಕಾಲಾ ದೊಡ್ಡ ಶಿಬಿರ. ಅಲ್ಲಿ ಕ್ಯಾಂಟೀನ್ ಇದೆ, ಊಟ ಸಸ್ಯಾಹಾರಿ ಮಾತ್ರ. ಮದ್ಯ, ಮಾಂಸ ಒಯ್ಯುವಂತಿಲ್ಲ. ಗೈರಲ್, ಸರ್ಪದುಲಿ, ಸುಲ್ತಾನ್, ಖಿನಾನೌಲಿಯಂಥ ಸಣ್ಣ ವಿಶ್ರಾಂತಿ ಗೃಹಗಳೂ ಇವೆ. ಗೈರಲ್ ನದಿಯ ಪಕ್ಕದಲ್ಲೇ ಇದೆ, ರಾತ್ರಿಯಿಡೀ ನೀರಿನ ಸದ್ದು. ಸಣ್ಣ ಗೃಹಗಳಲ್ಲಿ ಎಲ್ಲ ಕಡೆ ಅಡುಗೆಯ ವ್ಯವಸ್ಥೆ ಇರುವುದಿಲ್ಲ. ದಿನಸಿ ನಾವೇ ಒಯ್ಯಬೇಕಾ ಅಂತ ಬುಕ್ ಮಾಡುವಾಗಲೇ ತಿಳಿದುಕೊಳ್ಳಿ. ಕೋಣೆಗಳು ಸರ್ಕಾರಿ ಪ್ರವಾಸಿ ಮಂದಿರದ ಹಾಗೆ, ಸಾದಾ. ಟಿವಿ ಇಲ್ಲ, ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಕತ್ತಲಾದ ಮೇಲೆ ಬೇಲಿಯಾಚೆ ಕಾಲಿಡುವ ಹಾಗಿಲ್ಲ. ಕಬಿನಿಯ ಆರಾಮದ ರೆಸಾರ್ಟ್ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಬೇಸರವಾಗುತ್ತದೆ. ನನಗಂತೂ ಕಾಡಿನ ಒಳಮಧ್ಯದಲ್ಲಿ ಮಲಗುವ ಸುಖಕ್ಕೆ ಇದೆಲ್ಲ ಲೆಕ್ಕಕ್ಕೇ ಇಲ್ಲ.

ಹೊರಗೆ ಉಳಿಯುವುದಾದರೆ ಗೇಟಿಗೆ ಹತ್ತಿರ ನೋಡಿ. ರೆಸಾರ್ಟ್‌ಗಳು ಜಾಸ್ತಿ ಇರುವುದು ಢಿಕುಲಿ ಕಡೆ, ಕೋಸಿ ನದಿಯ ದಡದಲ್ಲಿ. ಢಿಕುಲಿ ಬೇರೆ, ಢಿಕಾಲಾ ಬೇರೆ. ಈ ಎರಡು ಹೆಸರಿನ ಗೊಂದಲದಲ್ಲಿ ಬೇಸ್ತು ಬಿದ್ದವರು ಬಹಳ. ಕೋಣೆಯ ಬಾಡಿಗೆಯಲ್ಲಿ ಸಫಾರಿ ಸೇರಿರುವುದಿಲ್ಲ. ಮದುವೆ ಸೀಸನ್‌ನಲ್ಲಿ ಕೆಲವು ರೆಸಾರ್ಟ್‌ಗಳಲ್ಲಿ ರಾತ್ರಿ ಡಿಜೆ ಇರುತ್ತದೆ, ಆ ದಿನ ಸಮಾರಂಭ ಇದೆಯಾ ಅಂತ ನಾಚಿಕೆ ಬಿಟ್ಟು ಕೇಳಿ.

ಹಂತ 6: ಚೀಲ

ಮಣ್ಣಿನ ಬಣ್ಣದ, ಹಸಿರು ಬಣ್ಣದ ಬಟ್ಟೆ. ಬಿಳಿ, ಕೆಂಪು ಬೇಡ. ಚಳಿಗಾಲಕ್ಕೆ ಒಂದೇ ದಪ್ಪ ಕೋಟಿನ ಬದಲು ಮೂರು ಪದರ ಹಾಕಿಕೊಳ್ಳಿ, ಹತ್ತು ಗಂಟೆಯಾದರೆ ಒಂದೊಂದೇ ಕಳಚಬೇಕಾಗುತ್ತದೆ. ಮಂಕಿ ಟೋಪಿ, ಕೈಗವಸು ಇರಲಿ, ಅಲ್ಲಿ ಯಾರೂ ನಗುವುದಿಲ್ಲ. ಬೇಸಿಗೆಗೆ ಮೂಗು ಬಾಯಿ ಮುಚ್ಚಲು ಹತ್ತಿಯ ಟವೆಲ್. ಎದುರು ಜೀಪು ಹೋದರೆ ಬರೀ ಧೂಳು. ಬೈನಾಕ್ಯುಲರ್ ಮನೆಗೆ ಒಂದಾದರೂ ಬೇಕು. ಗೇಟಿನಲ್ಲಿ ಮೊಬೈಲ್ ಒಪ್ಪಿಸಬೇಕಾಗಿ ಬರಬಹುದು. ಹಾಗಾಗಿ ಪರ್ಮಿಟ್ ಕಾಗದದ ಮೇಲೆ ಮುದ್ರಿಸಿಕೊಳ್ಳಿ, ಫೋಟೋಗೆ ಕ್ಯಾಮೆರಾ ಇಟ್ಟುಕೊಳ್ಳಿ. ದಿನಾ ನುಂಗುವ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಒಯ್ಯಿರಿ, ಒಳಗೆ ಔಷಧಿ ಅಂಗಡಿ ಇಲ್ಲ. ನಗದು ದುಡ್ಡು ಮರೆಯಬೇಡಿ.

ಮೂರು ದಿನ ರೊಟ್ಟಿ, ದಾಲ್, ಆಲೂ ತಿಂದ ಮೇಲೆ ನಮ್ಮವರ ಮುಖ ಏನಾಗುತ್ತದೆ ಅಂತ ನನಗೆ ಗೊತ್ತು. ಚಟ್ನಿಪುಡಿಯ ಡಬ್ಬಿಯೊಂದು ಜೊತೆಗಿರಲಿ. ಶಿಬಿರದಲ್ಲಿ ತಿನ್ನಿ, ಜೀಪಿನಲ್ಲಿ ಬೇಡ.

ಹಂತ 7: ಕಾಡಿನೊಳಗೆ

ಜೀಪಿನಿಂದ ಇಳಿಯಬಾರದು, ಕೂಗಬಾರದು, ಏನನ್ನೂ ಎಸೆಯಬಾರದು. ಇದು ಎಲ್ಲರಿಗೂ ಗೊತ್ತು. ಶೌಚಾಲಯ ಇರುವುದು ಗೇಟು, ಶಿಬಿರಗಳಲ್ಲಿ ಮಾತ್ರ. ಮಕ್ಕಳಿಗೆ ಹೊರಡುವ ಮುಂಚೆ ಹೇಳಿ. ಬೆನ್ನುನೋವು ಇರುವವರನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ, ಕುಲುಕಾಟ ಅಲ್ಲೇ ಜಾಸ್ತಿ.

ಹುಲಿಯನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಹುಡುಕುತ್ತಾರೆ. ಗೈಡ್ ಇದ್ದಕ್ಕಿದ್ದಂತೆ ಎಂಜಿನ್ ನಿಲ್ಲಿಸಿ "ಕಾಲ್" ಅಂದರೆ ಉಸಿರು ಬಿಗಿಹಿಡಿದು ಕೇಳಿ. ಕಾಲ್ ಅಂದರೆ ಹುಲಿ, ಚಿರತೆಯ ಸುಳಿವು ಸಿಕ್ಕಾಗ ಬೇರೆ ಪ್ರಾಣಿಗಳು ಹಾಕುವ ಎಚ್ಚರಿಕೆಯ ಕೂಗು. ಚುಕ್ಕೆ ಜಿಂಕೆ ಸಣ್ಣದಕ್ಕೂ ಗಾಬರಿಯಾಗಿ ಕೂಗುತ್ತದೆ, ಅದೊಂದನ್ನೇ ನಂಬುವುದು ಕಷ್ಟ. ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗಿದರೆ ತೂಕ ಜಾಸ್ತಿ, ಅದಕ್ಕೆ ಮೇಲಿನಿಂದ ಕಾಣುತ್ತಿರುತ್ತದೆ. ಕಡವೆ 'ಢಾಂಕ್' ಅಂತ ಗಟ್ಟಿಯಾಗಿ ಮತ್ತೆ ಮತ್ತೆ ಕೂಗಿದರೆ ಹುಲಿ ನಡೆಯುತ್ತಿದೆ ಅಂತ ಹೆಚ್ಚುಕಡಿಮೆ ನಿಶ್ಚಯ. ಆಗ ಜೀಪು ಅಲುಗಾಡಿಸಬೇಡಿ. "ಬೇರೆ ಕಡೆ ಹೋಗೋಣ" ಅಂತ ಚಾಲಕನಿಗೆ ಒತ್ತಾಯವನ್ನೂ ಮಾಡಬೇಡಿ. ಹತ್ತು ನಿಮಿಷ ಸುಮ್ನೆ ಕೂತಿದ್ದರೆ ಸಿಗುತ್ತಿದ್ದ ಹುಲಿಯನ್ನು ಅವಸರದಲ್ಲಿ ಕಳೆದುಕೊಂಡವರನ್ನು ಪ್ರತಿ ಸಲವೂ ನೋಡುತ್ತೇನೆ.

ಆನೆ ಎದುರಾದರೆ ಲೆಕ್ಕ ಬೇರೆ. ಮರಿ ಇರುವ ಹಿಂಡು, ಮದ ಬಂದ ಸಲಗ ದಾರಿಗೆ ಅಡ್ಡ ನಿಂತರೆ ಚಾಲಕ ಗಾಡಿ ಹಿಂದಕ್ಕೆ ತೆಗೆಯುತ್ತಾನೆ. ಫೋಟೋಗಾಗಿ ಇನ್ನಷ್ಟು ಹತ್ತಿರ ಹೋಗು ಅನ್ನಬೇಡಿ. ಸಾವಿರ ರೂಪಾಯಿ ಬಕ್ಷೀಸಿನ ಆಸೆ ತೋರಿಸುವವರಲ್ಲಿ ನಮ್ಮವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು.

ನಮ್ಮ ಕಾಡಿನಲ್ಲಿ ಸಿಗದ ಪ್ರಾಣಿಗಳ ಮೇಲೆ ಕಣ್ಣಿಡಿ. ಕಾಟಿ ಇಲ್ಲಿಲ್ಲ. ಬದಲಿಗೆ ಹುಲ್ಲಿನೊಳಗೆ ತಲೆ ತಗ್ಗಿಸಿ ನುಗ್ಗುವ 'ಪಾಢಾ' ಅನ್ನುವ ಗಿಡ್ಡ ಜಿಂಕೆ ಇದೆ. ಢಿಕಾಲಾ ದಾರಿಯಲ್ಲಿ ನದಿ ಕಾಣುವ ಎತ್ತರದ ದಂಡೆಯಲ್ಲಿ ಜೀಪು ನಿಲ್ಲಿಸಿದಾಗ ಕೆಳಗಿನ ಮಡುವಿನಲ್ಲಿ ಘರಿಯಲ್ ಹುಡುಕಿ. ಮೀನು ತಿನ್ನುವ ಮೊಸಳೆ ಅದು, ಗಂಡಿನ ಮೂತಿಯ ತುದಿಯಲ್ಲಿ ಗಡಿಗೆಯಂಥ ಗಂಟು ಇರುತ್ತದೆ.

ಮಳೆಗಾಲದಲ್ಲಿ ಹೋಗುವವರಿಗೆ

ಝಿರ್ನಾ, ಢೇಲಾ ತೆರೆದಿದ್ದರೂ ಜೋರು ಮಳೆಯ ದಿನ ಒಳಗೆ ಬಿಡದಿರಬಹುದು. ಅದಕ್ಕಿಂತ ದೊಡ್ಡ ಅಪಾಯ ರಸ್ತೆಯದು. ಬೇಸಿಗೆಯಲ್ಲಿ ಬರೀ ಕಲ್ಲು ಕಾಣುವ ಹಳ್ಳಗಳು ಬೆಟ್ಟದ ಮಳೆಗೆ ನಿಮಿಷಗಳಲ್ಲಿ ತುಂಬಿ ರಸ್ತೆಯ ಮೇಲೇ ಹರಿಯುತ್ತವೆ. ಧನಗಢಿ ಹಳ್ಳದಲ್ಲಿ ಗಾಡಿಗಳು ಕೊಚ್ಚಿಹೋದದ್ದುಂಟು. ನೀರು ಹರಿಯುತ್ತಿದ್ದರೆ ಎಷ್ಟೇ ತಡವಾಗಲಿ ಇಳಿಯುವವರೆಗೆ ಈಚೆಯೇ ನಿಲ್ಲಿ. ಮುಂದಿನ ಗಾಡಿಯವನು ದಾಟಿದ ಅಂತ ನಿಮ್ಮ ಚಾಲಕನನ್ನು ಹುರಿದುಂಬಿಸಬೇಡಿ.

ವಾಪಸ್ ಬರುವ ದಿನ

ಢಿಕಾಲಾದಿಂದ ಹೊರಡುವ ದಿನ ಬೆಳಗಿನ ಸುತ್ತು ಮುಗಿಸಿ, ಗೊತ್ತು ಮಾಡಿದ ಹೊತ್ತಿಗೆ ಗೇಟು ದಾಟಬೇಕು. ಮಧ್ಯಾಹ್ನ ಸಮಯವಿದ್ದರೆ ಕಾಲಾಢೂಂಗಿಗೆ ಹೋಗಿ, ರಾಮನಗರದಿಂದ ಸುಮಾರು 30 ಕಿ.ಮೀ. ನರಭಕ್ಷಕ ಹುಲಿಗಳ ಬೇಟೆಗಾರ, ಲೇಖಕ ಜಿಮ್ ಕಾರ್ಬೆಟ್ ಚಳಿಗಾಲ ಕಳೆಯುತ್ತಿದ್ದ ಮನೆ ಈಗ ಸಣ್ಣ ಸಂಗ್ರಹಾಲಯ. ನೈನಿತಾಲ್‌ನಲ್ಲಿ ಹುಟ್ಟಿದ ಆತ 1955ರಲ್ಲಿ ಕೀನ್ಯಾದಲ್ಲಿ ತೀರಿಕೊಂಡ ಮೇಲೆ ಈ ಉದ್ಯಾನಕ್ಕೆ ಅವನ ಹೆಸರು ಬಂತು. ಜೂನ್ ಆಗಿದ್ದರೆ ರಾಮನಗರದ ಲಿಚಿ ಹಣ್ಣು ಒಂದೆರಡು ಕಿಲೋ ತೆಗೆದುಕೊಳ್ಳಿ. ಗೊಂಚಲಿನ ಸಮೇತ, ಎಲೆ ಹಸಿರಾಗಿರುವುದನ್ನೇ ಆರಿಸಿ. ಬೆಂಗಳೂರು ಮುಟ್ಟುವವರೆಗೆ ತಡೆಯುತ್ತದೆ.

ದೆಹಲಿಯಿಂದ ವಿಮಾನ ಅದೇ ರಾತ್ರಿಗೆ ಇಟ್ಟುಕೊಳ್ಳುವುದಾದರೆ ಒಂಬತ್ತು ಗಂಟೆಯ ನಂತರದ್ದೇ ಇರಲಿ. ಕಾಲಾಢೂಂಗಿಗೂ ಹೋಗುವ ಆಸೆ ಇದ್ದರೆ ವಿಮಾನ ಮರುದಿನಕ್ಕೆ ಮಾಡಿಕೊಳ್ಳಿ. ಮೊರಾದಾಬಾದ್ ಸುತ್ತ ಸಂಜೆಯ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಸಾಟಿ.